ಬೇಲಿ ದಾಟಿದ ಬೆಂಕಿ: ವಿಕ್ಟೋರಿಯಾದ ಹಳ್ಳಿಗಳು ತಮ್ಮ ಅಗ್ನಿಶಾಮಕ ಪಡೆ ಕಟ್ಟಿಕೊಂಡ ಕಥೆ

(ಅಗ್ನಿಶಾಮಕ ಸೇವಾ ಸಪ್ತಾಹದಲ್ಲಿ ನಮ್ಮೂರಿನ ಶಾಲೆಯ ಸಭೆಯಲ್ಲಿ ಮಾತಾಡಿದ್ದನ್ನು ಇಲ್ಲಿ ಬರೆದು ಕೊಡುತ್ತಿದ್ದೇನೆ. ಬರೆಯುವಾಗ ಒಂದೆರಡು ಇಸವಿ, ಒಂದೆರಡು ವಿವರ ಸೇರಿಸಿದ್ದೇನೆ. ಉಳಿದದ್ದು ಅಲ್ಲಿ ಆಡಿದ ಮಾತೇ.)

ಎಲ್ಲರಿಗೂ ನಮಸ್ಕಾರ. ಈ ಬಿಸಿಲಲ್ಲಿ ಇಷ್ಟು ಜನ ಬಂದಿದ್ದೀರಿ. ಫೈರ್ ಸ್ಟೇಷನ್ನಿನ ಸಿಬ್ಬಂದಿ ಹೊರಗೆ ಗಾಡಿ ನಿಲ್ಲಿಸಿ ಬಂದು ಕೂತಿದ್ದಾರೆ. ಮಕ್ಕಳ ಕಣ್ಣೆಲ್ಲ ಅತ್ತಲೇ ಇದೆ. ಸಭೆ ಮುಗಿದ ಮೇಲೆ ಗಾಡಿ ಹತ್ತಿಸಿ ತೋರಿಸುತ್ತಾರಂತೆ. ಅಲ್ಲಿವರೆಗೆ ನನ್ನ ಮಾತು ಸ್ವಲ್ಪ ಕೇಳಿ.

ಮೊದಲು ಒಂದು ಪ್ರಶ್ನೆ. ಹುಲ್ಲಿನ ಮೆದೆಗೆ ಬೆಂಕಿ ಬಿದ್ದದ್ದನ್ನು ನೋಡದವರು ಇಲ್ಲಿ ಯಾರಿದ್ದೀರಿ? ದೊಡ್ಡವರಲ್ಲಿ ಒಬ್ಬರೂ ಕೈ ಎತ್ತಲಿಲ್ಲ. ನಾನೂ ನೋಡಿದ್ದೇನೆ. ಆಗ ಐದನೇ ಕ್ಲಾಸಿನಲ್ಲಿದ್ದೆ. ಸುಗ್ಗಿ ಮುಗಿದು ಕಣದ ಪಕ್ಕ ನಾಲ್ಕು ಮೆದೆ ಒಟ್ಟಿದ್ದರು. ಒಂದು ರಾತ್ರಿ ಊರಿಗೆ ಊರೇ ಎದ್ದು ಕೂಗುತ್ತಿತ್ತು. ಕೊಡ, ಬಕೆಟ್ಟು, ಹಂಡೆ, ಕೈಗೆ ಸಿಕ್ಕಿದ್ದು ಹಿಡಿದು ಎಲ್ಲರೂ ಓಡಿದರು. ನಾನು ಒಂದು ಚೊಂಬಿನಲ್ಲಿ ನೀರು ಹಿಡಿದು ಓಡಿದ್ದೆ. ಅಲ್ಲಿ ಹೋದರೆ ಒಬ್ಬರು "ಇಲ್ಲಿ ಹಾಕ್ರೋ" ಅಂತಾರೆ, ಇನ್ನೊಬ್ಬರು "ಅಲ್ಲಿ ಬೇಡ, ಹಿಂದ್ಗಡೆ ಬನ್ನಿ" ಅಂತಾರೆ, ಮತ್ತೊಬ್ಬರು ಗಳ ಹಿಡಿದು ಮೆದೆ ಕೆಡವೋಕೆ ನೋಡುತ್ತಿದ್ದಾರೆ. ಉರಿಯುತ್ತಿದ್ದ ಮೆದೆ ಮೇಲೇ ಎಲ್ಲರೂ ನೀರು ಸುರಿದರು. ಪಕ್ಕದ ಮೆದೆ ಕಡೆ ಯಾರೂ ನೋಡಲಿಲ್ಲ. ಗಾಳಿ ತಿರುಗಿತು. ಬೆಳಗಾಗುವ ಹೊತ್ತಿಗೆ ನಾಲ್ಕೂ ಹೋಗಿದ್ದವು. ಎರಡು ಎತ್ತು, ಮೂರು ಹಸು ಇದ್ದ ಆ ಮನೆಯಲ್ಲಿ ಆ ವರ್ಷ ಮೇವಿಗೆ ಎಷ್ಟು ಪರದಾಡಿದರು ಅಂತ ನನಗೆ ಇನ್ನೂ ನೆನಪಿದೆ.

ಆ ರಾತ್ರಿ ಜನಕ್ಕೆ ಕೊರತೆ ಇರಲಿಲ್ಲ. ನೀರೂ ಇತ್ತು. ಮನಸ್ಸಂತೂ ಇತ್ತು. ಯಾರ ಮಾತು ಕೇಳಬೇಕು ಅನ್ನೋದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ನಾನು ಇವತ್ತು ಹೇಳೋಕೆ ಹೊರಟಿರುವ ಕಥೆಯೂ ಇಲ್ಲಿಂದಲೇ ಶುರುವಾಗುತ್ತದೆ. ಜಾಗ ಮಾತ್ರ ಬಹಳ ದೂರ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ. ಕೆಲಸದ ಮೇಲೆ ಅಲ್ಲಿಗೆ ಹೋಗಿ ಮೆಲ್ಬರ್ನ್ ನಗರದ ಪೂರ್ವಕ್ಕೆ, ಗುಡ್ಡದ ಬುಡದ ಒಂದು ಸಣ್ಣ ಊರಿನಲ್ಲಿ ಹಲವು ವರ್ಷ ಇದ್ದೆ. ಅಲ್ಲಿನ ಸ್ವಯಂಸೇವಕ ಅಗ್ನಿಶಾಮಕ ಬ್ರಿಗೇಡಿನಲ್ಲಿ ನಾನೂ ಒಬ್ಬನಾಗಿದ್ದೆ. ಸಂಬಳ ಇಲ್ಲ. ಕರೆ ಬಂದಾಗ ಹೋಗೋದು. ವಿಕ್ಟೋರಿಯಾ ನಮ್ಮ ಕರ್ನಾಟಕಕ್ಕಿಂತ ಸ್ವಲ್ಪ ದೊಡ್ಡದು. ಜನ ಸುಮಾರು 70 ಲಕ್ಷ, ಅದರಲ್ಲೂ ಬಹಳಷ್ಟು ಜನ ಮೆಲ್ಬರ್ನ್ ಒಂದರಲ್ಲೇ. ಉಳಿದ ಅಷ್ಟಗಲ ನೆಲವನ್ನು ಬೆಂಕಿಯಿಂದ ಕಾಯುವವರಲ್ಲಿ ಹೆಚ್ಚಿನವರು ಸಂಬಳ ಇಲ್ಲದವರು. ಸುಮಾರು 1,200 ಬ್ರಿಗೇಡುಗಳು, ಸುಮಾರು 50 ಸಾವಿರ ಸ್ವಯಂಸೇವಕರು. ರೈತರು, ಮೇಷ್ಟ್ರುಗಳು, ನರ್ಸುಗಳು, ಪ್ಲಂಬರುಗಳು. ಇವರನ್ನೆಲ್ಲ ನಡೆಸುವ ಸಂಸ್ಥೆಯ ಹೆಸರು ಕಂಟ್ರಿ ಫೈರ್ ಅಥಾರಿಟಿ, ಅಂದರೆ ಹಳ್ಳಿಗಾಡಿನ ಅಗ್ನಿ ಪ್ರಾಧಿಕಾರ. ಎಲ್ಲರೂ ಸಿ.ಎಫ್.ಎ. ಅಂತಲೇ ಕರೆಯುತ್ತಾರೆ.

ಅದು ಹುಟ್ಟಿದ್ದು 1945ರ ಏಪ್ರಿಲ್ 2ರಂದು. ಆದರೆ ಒದ್ದೆ ಗೋಣಿಚೀಲ ಹಿಡಿದು ಬೆಂಕಿ ಬಡಿಯುವ ನೆರೆಹೊರೆಯವರು ಅದಕ್ಕೂ ನೂರು ವರ್ಷ ಮೊದಲೇ ಅಲ್ಲಿದ್ದರು. ಮಧ್ಯದ ಆ ನೂರು ವರ್ಷ ಏನಾಯಿತು ಅನ್ನೋದೇ ನನ್ನ ಮಾತಿನ ವಿಷಯ.

ಮೊದಲು ಅಲ್ಲಿನ ಮರದ ಬಗ್ಗೆ ಹೇಳಬೇಕು. ಆ ಮರ ನಿಮಗೆಲ್ಲ ಗೊತ್ತು. ನೀಲಗಿರಿ. ಅದು ಆಸ್ಟ್ರೇಲಿಯಾದಿಂದಲೇ ನಮ್ಮಲ್ಲಿಗೆ ಬಂದದ್ದು. ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ ನಂದಿ ಬೆಟ್ಟದಲ್ಲಿ ನೆಟ್ಟರು ಅಂತ ಅರಣ್ಯದವರು ಹೇಳುತ್ತಾರೆ. ಶೀತವಾದರೆ ಕರವಸ್ತ್ರಕ್ಕೆ ಎರಡು ಹನಿ ನೀಲಗಿರಿ ಎಣ್ಣೆ ಹಾಕಿಕೊಂಡು ಮೂಸುತ್ತೇವಲ್ಲ, ಆ ಎಣ್ಣೆ ಆ ಮರದ ಎಲೆಯಲ್ಲಿ ಇರುತ್ತದೆ. ನಮಗೆ ಅದು ಔಷಧಿ. ಅಲ್ಲಿ, 40 ಡಿಗ್ರಿ ಬಿಸಿಲಲ್ಲಿ, ಆ ಎಣ್ಣೆ ಇಡೀ ಕಾಡಿನ ಗಾಳಿಯಲ್ಲಿ ವಾಸನೆಯಾಗಿ ನಿಂತಿರುತ್ತದೆ. ಅದು ಹತ್ತಿಕೊಂಡರೆ ಏನಾಗುತ್ತೆ ಅಂತ ನೀವೇ ಯೋಚನೆ ಮಾಡಿ. ಅಲ್ಲಿನ ನೀಲಗಿರಿಯಲ್ಲಿ ನೂರಾರು ಜಾತಿ. ಕೆಲವು ಜಾತಿಯ ತೊಗಟೆ ನಾರು ನಾರಾಗಿ ಸುಲಿದು ಜೋತು ಬೀಳುತ್ತದೆ. ಬೆಂಕಿ ಬಂದಾಗ ಅದು ಉರಿಯುತ್ತಲೇ ಗಾಳಿಯಲ್ಲಿ ಹಾರಿ, ಎಷ್ಟೋ ಕಿಲೋಮೀಟರ್ ಮುಂದೆ ಹೋಗಿ ಬೀಳುತ್ತದೆ. ಹಾಗಾಗಿ ಬೆಂಕಿ ಇಲ್ಲಿ ಬರ್ತಾ ಇದೆ ಅಂತ ಎದುರು ನಿಂತವರ ಬೆನ್ನ ಹಿಂದೆಯೇ ಇನ್ನೊಂದು ಬೆಂಕಿ ಹುಟ್ಟಿರುತ್ತದೆ.

ಆಮೇಲೆ ಗಾಳಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಸತ್ತವರಲ್ಲಿ ಬಹಳ ಜನ ಸತ್ತದ್ದು ಇದರಿಂದಲೇ. ಬೇಸಿಗೆಯ ಕೆಟ್ಟ ದಿನಗಳಲ್ಲಿ ಮೊದಲು ಉತ್ತರದ ಕಡೆಯಿಂದ ಬಿಸಿ ಗಾಳಿ ಬೀಸುತ್ತದೆ. ಮರಳುಗಾಡಿನ ಗಾಳಿ ಅದು. ಆಗ ಬೆಂಕಿ ಉದ್ದಕ್ಕೆ, ಮಲಗಿದ ಹಾವಿನ ಹಾಗೆ, ಕಿರಿದಾಗಿ ಓಡುತ್ತದೆ. ತಲೆ ಕಡೆಗೆ ಹೋಗದೆ ಪಕ್ಕದಲ್ಲಿ ನಿಂತು ಕೆಲಸ ಮಾಡಬಹುದು. ಸಾಯಂಕಾಲದ ಹೊತ್ತಿಗೆ ಸಮುದ್ರದ ಕಡೆಯಿಂದ, ನೈಋತ್ಯದಿಂದ, ತಣ್ಣನೆಯ ಗಾಳಿ ತಟ್ಟನೆ ನುಗ್ಗುತ್ತದೆ. ಆ ಕ್ಷಣದಲ್ಲಿ ಹಾವಿನ ಇಡೀ ಪಕ್ಕೆಯೇ ತಲೆಯಾಗಿಬಿಡುತ್ತದೆ. ಹತ್ತು ಇಪ್ಪತ್ತು ಕಿಲೋಮೀಟರ್ ಅಗಲದ ಬೆಂಕಿ ಒಟ್ಟಿಗೆ ಮುಂದಕ್ಕೆ ಬರುತ್ತದೆ. ಅಷ್ಟು ಹೊತ್ತು ಸುರಕ್ಷಿತ ಅಂದುಕೊಂಡು ಪಕ್ಕದಲ್ಲಿ ನಿಂತಿದ್ದವರು ಎದುರಿಗೆ ಸಿಕ್ಕಿಬೀಳುತ್ತಾರೆ.

ಆ ನೆಲದ ಮೂಲ ಜನ ಈ ಬೆಂಕಿಯ ಜೊತೆ ಸಾವಿರಾರು ವರ್ಷ ಬದುಕಿದ್ದರು. ತಂಪು ಹೊತ್ತಿನಲ್ಲಿ, ಅಷ್ಟಷ್ಟೇ ಜಾಗದಲ್ಲಿ ಸಣ್ಣ ಬೆಂಕಿ ಹಚ್ಚಿ ತರಗು ಸುಡುತ್ತಿದ್ದರು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ಇದನ್ನೇ ಮಾಡುತ್ತಿದ್ದರು ಅಲ್ವಾ? ತರಗು ಬೆಂಕಿ ಅಂತ ಅವರದನ್ನು ಕರೆಯುತ್ತಾರೆ. ಬೇಸಿಗೆ ಬಲಿಯುವ ಮುಂಚೆ ನೆಲದ ತರಗು ಮಾತ್ರ ಸುಟ್ಟು ಹೋಗುವ ಹಾಗೆ. ಇಲ್ಲಿ ಅದನ್ನು ನಿಲ್ಲಿಸಿದ್ದು ಅಭಯಾರಣ್ಯದ ಕಾನೂನು. ಅಲ್ಲಿ ಬ್ರಿಟಿಷ್ ವಲಸಿಗರು ಬಂದು ಆ ಜನರನ್ನೇ ನೆಲ ಬಿಡಿಸಿದರು. ವಲಸಿಗರು ಕುರಿ ತಂದರು, ಬೇಲಿ ಹಾಕಿದರು, ಕಾಡು ಕಡಿದು ಹೊಲ ಮಾಡಿದರು. ಬೆಂಕಿಯ ಲೆಕ್ಕಾಚಾರ ಮಾತ್ರ ಅವರಿಗೆ ತಿಳಿದಿರಲಿಲ್ಲ. ಅವರು ಬಂದು ಎರಡು ದಶಕ ಆಗುವ ಮೊದಲೇ, 1851ರ ಫೆಬ್ರವರಿ 6ರಂದು, ವಿಕ್ಟೋರಿಯಾದ ಸುಮಾರು ಕಾಲು ಭಾಗ ಸುಟ್ಟುಹೋಯಿತು. 50 ಲಕ್ಷ ಹೆಕ್ಟೇರ್. ಅದನ್ನು ಕಪ್ಪು ಗುರುವಾರ ಅಂತ ಕರೆದರು. ಜನ ಕಡಿಮೆ ಇದ್ದದ್ದರಿಂದ ಸತ್ತವರು ಸುಮಾರು 12. ಸತ್ತ ಕುರಿಗಳು ಹತ್ತು ಲಕ್ಷ.

ಆಗ ಬೆಂಕಿ ಆರಿಸುತ್ತಿದ್ದದ್ದು ಹೇಗೆ? ನಮ್ಮ ಹಾಗೇ. ಹಸಿ ಸೊಪ್ಪಿನ ಕೊಂಬೆ, ಒದ್ದೆ ಗೋಣಿಚೀಲ. ಹೊಗೆ ಕಂಡರೆ ಸುತ್ತಲ ಹೊಲದವರು ಕುದುರೆ ಹತ್ತಿ ಬರುತ್ತಿದ್ದರು. ನೀರು ತರೋಕೆ ಎರಡು ಚಕ್ರದ ತೊಟ್ಟಿ ಗಾಡಿ ಇರುತ್ತಿತ್ತು. ಶೆಪರ್ಟನ್ ಊರಿನ ಜಾನ್ ಫರ್ಫಿ ಅನ್ನುವ ಕಬ್ಬಿಣದ ಕೆಲಸದವನು 1880ರ ದಶಕದಲ್ಲಿ ಅಂಥ ಗಾಡಿ ಮಾಡಿದ. ಕುದುರೆ ಎಳೆಯುವ ಗಾಡಿ, ಸುಮಾರು 800 ಲೀಟರ್ ಹಿಡಿಯುತ್ತಿತ್ತು. ಮುಂದೆ ಮೊದಲ ಮಹಾಯುದ್ಧದಲ್ಲಿ ಸೈನಿಕರಿಗೆ ನೀರು ಒಯ್ದದ್ದೂ ಆ ಗಾಡಿಯೇ. ನೀರಿಗೆ ಬಂದವರು ಗಾಡಿ ಸುತ್ತ ನಿಂತು ಇಲ್ಲದ ಸುದ್ದಿ ಹಂಚುತ್ತಿದ್ದರಂತೆ. ಹಾಗಾಗಿ ಆ ದೇಶದಲ್ಲಿ ಇವತ್ತಿಗೂ ಗಾಳಿಸುದ್ದಿಗೆ 'ಫರ್ಫಿ' ಅಂತಾರೆ. ನಮ್ಮ ಬಾವಿಕಟ್ಟೆ ಮಾತಿನ ಹಾಗೆ.

ಪೇಟೆಗಳಲ್ಲಿ ಬೇರೆ ವ್ಯವಸ್ಥೆ ಬೆಳೆಯಿತು. ಚಿನ್ನ ಸಿಕ್ಕಿದ ಊರುಗಳು, ಮರದ ಮನೆಗಳು, ಒತ್ತೊತ್ತಾದ ಅಂಗಡಿಗಳು. ಅಲ್ಲಿನ ವ್ಯಾಪಾರಿಗಳು, ಕೆಲಸಗಾರರು ಸೇರಿ ಬ್ರಿಗೇಡು ಕಟ್ಟಿಕೊಂಡರು. ಪಂಪು, ಪೈಪು, ಏಣಿ, ಗಂಟೆ. 1890ರಲ್ಲಿ ಕಾನೂನು ಬಂದು, ಮೆಲ್ಬರ್ನ್‌ಗೆ ಒಂದು ಮಂಡಳಿ, ಹೊರಗಿನ ಪೇಟೆಗಳಿಗೆ ಇನ್ನೊಂದು ಮಂಡಳಿ ಆಯಿತು. ಆದರೆ ಪೇಟೆ ಬ್ರಿಗೇಡಿಗೆ ಪೇಟೆಯ ಬೆಂಕಿಯೇ ಕೆಲಸ. ಊರ ಗಡಿ ದಾಟಿದ ಮೇಲೆ ಹುಲ್ಲು, ಕಾಡು, ಹೊಲ. ಅಲ್ಲಿ ಯಾರು?

ಹೊಲದವರೇ. ಅವರು ಬುಷ್ ಫೈರ್ ಬ್ರಿಗೇಡ್ ಅಂತ ತಮ್ಮ ತಮ್ಮಲ್ಲೇ ಗುಂಪು ಮಾಡಿಕೊಂಡರು. ಒಬ್ಬರ ಕೊಟ್ಟಿಗೆಯಲ್ಲಿ ಬಡಿಯುವ ಚರ್ಮದ ಪಟ್ಟಿ, ಇನ್ನೊಬ್ಬರ ಕೊಟ್ಟಿಗೆಯಲ್ಲಿ ತೊಟ್ಟಿ. 1926ರ ಫೆಬ್ರವರಿ 14ರಂದು ವಾರ್ಬರ್ಟನ್ ಸುತ್ತಿನ ಕಾಡಿನಲ್ಲಿ ಒಂದೇ ದಿನ 31 ಜನ ಸತ್ತರು. ಆ ಬೇಸಿಗೆಯಲ್ಲಿ ಒಟ್ಟು 60. ಅದಾದ ಮೇಲೆ ಈ ಹಳ್ಳಿ ಬ್ರಿಗೇಡುಗಳನ್ನು ಒಂದು ಕಡೆ ತರುವ ಪ್ರಯತ್ನ ನಡೆಯಿತು. 1933ರಲ್ಲಿ ಅವಕ್ಕೂ ಒಂದು ಕಾನೂನು ಬಂತು.

ಇನ್ನು ಮೂರನೆಯವರು ಅರಣ್ಯ ಇಲಾಖೆ. ಅಲ್ಲಿ ಫಾರೆಸ್ಟ್ಸ್ ಕಮಿಷನ್ ಅಂತಿತ್ತು. ಸರ್ಕಾರಿ ಕಾಡು ಅವರದು.

ಈಗ ನೋಡಿ. ಪೇಟೆಗೆ ಒಬ್ಬರು, ಹೊಲಕ್ಕೆ ಒಬ್ಬರು, ಕಾಡಿಗೆ ಒಬ್ಬರು. ಕಾಗದದ ಮೇಲೆ ಎಲ್ಲ ಸರಿಯಾಗೇ ಕಾಣುತ್ತದೆ. ಆದರೆ ಬೆಂಕಿಗೆ ಬೇಲಿ ಗೊತ್ತಾ? ಕಾಡಂಚಿನಲ್ಲಿ ದನ ಮೇಯಿಸುವವರು ಹೊಸ ಚಿಗುರು ಬರಲಿ ಅಂತ ಬೆಂಕಿ ಹಚ್ಚುತ್ತಿದ್ದರು. ಹೊಲದವರು ಬೇರು ಬೊಡ್ಡೆ ಸುಡೋಕೆ ಹಚ್ಚುತ್ತಿದ್ದರು. ಮರದ ಮಿಲ್ಲಿನವರ ಇಂಜಿನ್ನಿನಿಂದ ಕಿಡಿ ಹಾರುತ್ತಿತ್ತು. ಬೆಂಕಿ ಬೇಲಿಯ ಆಚೆ ಇರುವಾಗ ಅದು ಅವರದು, ಈಚೆ ಬಂದಾಗ ಇವರದು. ಆಚೆಯವರು ಅದು ಈಚೆ ಬರಲಿ ಅಂತ ಕಾಯಲಿಲ್ಲ ನಿಜ, ಆದರೆ ಅದನ್ನು ಬೆನ್ನಟ್ಟಿ ಆರಿಸುವುದು ತಮ್ಮ ಕೆಲಸ ಅಂತಲೂ ಅಂದುಕೊಳ್ಳಲಿಲ್ಲ. ಹಾಗೇ ಸಣ್ಣ ಬೆಂಕಿಗಳು ಎಷ್ಟೋ ದಿನ ಹೊಗೆಯಾಡುತ್ತಾ ಬಿದ್ದಿರುತ್ತಿದ್ದವು.

1939ರ ಜನವರಿಯಲ್ಲೂ ಬಿದ್ದಿದ್ದವು. ಮಳೆ ಕೈಕೊಟ್ಟಿತ್ತು. ಹೊಳೆಗಳು ಬತ್ತಿದ್ದವು. ಬೆಟ್ಟದ ಮೇಲೆ ಅಲ್ಲಲ್ಲಿ ಎಷ್ಟೋ ಕಡೆ ಬೆಂಕಿ ಮೊದಲೇ ಇತ್ತು. ಜನವರಿ 13, ಶುಕ್ರವಾರ. ಮೆಲ್ಬರ್ನ್‌ನಲ್ಲಿ ಅವತ್ತು 45.6 ಡಿಗ್ರಿ. ಅದನ್ನು ಮೀರಿದ ಬಿಸಿಲು ಆ ಊರಿಗೆ ಮತ್ತೆ ಬಂದದ್ದು 2009ರಲ್ಲಿ. ಉತ್ತರದ ಗಾಳಿ ಎದ್ದಿತು. ಹೊಗೆಯಾಡುತ್ತಿದ್ದ ಆ ಬೆಂಕಿಗಳೆಲ್ಲ ಒಂದಕ್ಕೊಂದು ಕೂಡಿದವು. ನೂಜೀ, ನಾರ್ಬೆಥಾಂಗ್, ವುಡ್ಸ್ ಪಾಯಿಂಟ್ ಅನ್ನುವ ಊರುಗಳು ಹೆಚ್ಚು ಕಡಿಮೆ ಪೂರ್ತಿ ಹೋದವು. ಕಾಡಿನ ಒಳಗೇ ಇದ್ದ 69 ಮರದ ಮಿಲ್ಲು ಸುಟ್ಟವು. ಮ್ಯಾಟ್ಲಾಕ್ ಹತ್ತಿರದ ಒಂದೇ ಮಿಲ್ಲಿನಲ್ಲಿ 15 ಜನ ಸತ್ತರು. ಅಲ್ಲಿ ಬದುಕಿದವರು ಒಬ್ಬರೇ. ಅವರು ಒದ್ದೆ ಕಂಬಳಿ ಹೊದ್ದು ಬಯಲಲ್ಲಿ ಉಳಿದವರು. ಒಟ್ಟು ಸತ್ತವರು 71. ಬೂದಿ ಸಮುದ್ರ ದಾಟಿ ನ್ಯೂಜಿಲೆಂಡ್‌ವರೆಗೆ ಹೋಗಿ ಬಿತ್ತು.

ಆ ಕಂಬಳಿಯ ವಿಷಯ ಒಂದು ನಿಮಿಷ. ಉಣ್ಣೆ ಸುಲಭಕ್ಕೆ ಹತ್ತಿಕೊಳ್ಳುವುದಿಲ್ಲ. ಕರಿಗಾಗುತ್ತದೆ, ಆದರೆ ಹತ್ತಿಬಟ್ಟೆಯ ಹಾಗೆ ಭಗ್ ಅಂತ ಉರಿಯುವುದಿಲ್ಲ. ಕರಗಿ ಮೈಗೆ ಅಂಟುವುದೂ ಇಲ್ಲ. ಇವತ್ತಿಗೂ ಅಲ್ಲಿನ ಫೈರ್ ಟ್ಯಾಂಕರುಗಳಲ್ಲಿ ಸೀಟಿನ ಹತ್ತಿರ ಉಣ್ಣೆ ಕಂಬಳಿ ಮಡಿಸಿ ಇಟ್ಟಿರುತ್ತಾರೆ. ಬೆಂಕಿ ಗಾಡಿಯ ಮೇಲೇ ಹಾದುಹೋಗುವ ಪರಿಸ್ಥಿತಿ ಬಂದರೆ ಎಲ್ಲರೂ ಒಳಗೆ ಕುಗ್ಗಿ ಕೂತು ಅದನ್ನು ಹೊದ್ದುಕೊಳ್ಳಬೇಕು. ಅಭ್ಯಾಸಕ್ಕೆ ಅಂತ ನಾನೂ ಎಷ್ಟೋ ಸಲ ಹಾಗೆ ಕೂತಿದ್ದೇನೆ. ಒಳಗೆ ಕತ್ತಲೆ, ಸೆಕೆ, ಪಕ್ಕದವರ ಉಸಿರಾಟದ ಸದ್ದು, ಹೊರಗೆ ಗಾಡಿಯ ಸುತ್ತ ನೀರು ಸಿಡಿಯುವ ಸದ್ದು. ಕಂಬಳಿಯ ವಾಸನೆಗೆ ನನಗೆ ನಮ್ಮಜ್ಜನ ಕರಿ ಕಂಬಳಿಯೇ ನೆನಪಾಗುತ್ತಿತ್ತು. ನಮ್ಮ ಕುರುಬರ ಕಂಬಳಿ. ನಿಮ್ಮ ಮನೆಗಳಲ್ಲಿ ಇದ್ದರೆ ಬಿಸಾಡಬೇಡಿ.

1939ಕ್ಕೆ ಬರೋಣ. ಸರ್ಕಾರ ತನಿಖೆಗೆ ಲಿಯೊನಾರ್ಡ್ ಸ್ಟ್ರೆಟನ್ ಅನ್ನುವ ನ್ಯಾಯಾಧೀಶರನ್ನು ನೇಮಿಸಿತು. ಬೆಂಕಿ ಆರಿದ ತಿಂಗಳೊಳಗೇ ವಿಚಾರಣೆ ಶುರುವಾಯಿತು. ಸುಟ್ಟ ಊರುಗಳಿಗೇ ಹೋಗಿ ಕೂತು ಸಾಕ್ಷಿ ಕೇಳಿದರು. ಮೇ ತಿಂಗಳಲ್ಲಿ ವರದಿ ಕೊಟ್ಟರು. ನನಗೆ ಈ ಮನುಷ್ಯರ ಮೇಲೆ ಬಹಳ ಗೌರವ. ಅವರ ವರದಿಯ ಭಾಷೆ ಸರ್ಕಾರಿ ಭಾಷೆ ಅಲ್ಲ. ಈ ಬೆಂಕಿಗಳನ್ನು ಹಚ್ಚಿದ್ದು ಮನುಷ್ಯನ ಕೈ ಅಂತ ನೇರವಾಗಿ ಬರೆದರು. ಸಿಡಿಲಿನ ಮೇಲೆ, ವಿಧಿಯ ಮೇಲೆ ಹಾಕಲಿಲ್ಲ. ಸಾಕ್ಷಿ ಹೇಳಿದವರಲ್ಲಿ ಪೂರ್ತಿ ನಿಜ ಹೇಳಿದವರು ಕಡಿಮೆ ಅಂತಲೂ ಬರೆದರು. ಯಾಕೆ ಹೇಳಲಿಲ್ಲ ಅನ್ನೋದನ್ನೂ ಬರೆದರು. ಮಿಲ್ಲಿನ ಕೂಲಿಗಳಿಗೆ, ಬಾಯಿಬಿಟ್ಟರೆ ನಾಳೆ ಕೆಲಸ ಸಿಗೋದಿಲ್ಲ ಅನ್ನುವ ಭಯ. ಅರಣ್ಯ ಇಲಾಖೆಯ ನೌಕರರಿಗೆ, ಜಾಸ್ತಿ ಮಾತಾಡಿದರೆ ಬಡ್ತಿ ಹೋದೀತು ಅನ್ನುವ ಭಯ. ಈ ಭಯ ನಮಗೂ ಗೊತ್ತಿರೋದೇ. ಬೆಂಕಿ ಹಚ್ಚಿದವನ ಹೆಸರು ಊರಿಗೆಲ್ಲ ಗೊತ್ತಿರುತ್ತದೆ, ಕೇಳಿದರೆ ಯಾರೂ ಹೇಳುವುದಿಲ್ಲ.

ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ರಾಜ್ಯಮಟ್ಟದ ಒಂದು ಅಗ್ನಿ ಪ್ರಾಧಿಕಾರ ಬೇಕು ಅಂತ ಸ್ಟ್ರೆಟನ್ ಸಲಹೆ ಕೊಟ್ಟರು. ಕಾಡಿನ ಪಾಲು ಬೇಗ ಸರಿಯಾಯಿತು. ಅದೇ ವರ್ಷ ಕಾನೂನು ತಂದು, ಸರ್ಕಾರಿ ನೆಲದ ಬೆಂಕಿಯ ಹೊಣೆಯನ್ನು ಫಾರೆಸ್ಟ್ಸ್ ಕಮಿಷನ್ನಿಗೇ ಪೂರ್ತಿ ಕೊಟ್ಟರು. ಹಳ್ಳಿಗಳ ಪಾಲು ಮಾತ್ರ ಹಾಗೇ ಉಳಿಯಿತು. ಸೆಪ್ಟೆಂಬರ್‌ನಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಅಂತ ಗಾದೆ ಇದೆ ನಮ್ಮಲ್ಲಿ. ಅಲ್ಲಿ ಮನೆ ಸುಟ್ಟ ಮೇಲೂ ಬಾವಿಗೆ ಆರು ವರ್ಷ ಹಿಡಿಯಿತು.

ಆ ಆರು ವರ್ಷದಲ್ಲಿ ಗಟ್ಟಿಮುಟ್ಟಾದ ಗಂಡಸರು ಸೈನ್ಯಕ್ಕೆ ಹೋದರು. ಪೆಟ್ರೋಲಿಗೆ ರೇಷನ್. ಹುಲ್ಲು ಸವರೋಕೆ, ಬೆಂಕಿ ರೇಖೆ ಕೊರೆಯೋಕೆ ಆಳಿಲ್ಲ. 1943ರ ಡಿಸೆಂಬರ್ 22. ಉತ್ತರದ ವಾಂಗರಾಟಾ ಪೇಟೆಯ ಹತ್ತಿರ ಹುಲ್ಲುಗಾವಲಿಗೆ ಬೆಂಕಿ ಬಿತ್ತು. ಆರಿಸೋಕೆ ಹೋದ ಸ್ವಯಂಸೇವಕರಲ್ಲಿ 10 ಜನ ಸತ್ತರು. ಕಾಡಲ್ಲ, ಎತ್ತರದ ಮರಗಳೂ ಅಲ್ಲ. ಬರೀ ಒಣಹುಲ್ಲು. ಕ್ರಿಸ್‌ಮಸ್ಸಿಗೆ ಇನ್ನು ಮೂರು ದಿನ ಇತ್ತು. ಜನವರಿ, ಫೆಬ್ರವರಿಯಲ್ಲಿ ಪಶ್ಚಿಮದ ಜಿಲ್ಲೆಗಳಲ್ಲಿ ಮತ್ತೆ ಬೆಂಕಿ. 500ಕ್ಕೂ ಜಾಸ್ತಿ ಮನೆ ಹೋದವು. 1944ರ ಫೆಬ್ರವರಿ 14ರಂದು ಬೆಂಕಿ ಯಾಲೋರ್ನ್ ಅನ್ನುವ ಊರಿನ ಕಲ್ಲಿದ್ದಲ ಗಣಿಗೇ ಹೋಗಿ ಮುಟ್ಟಿತು. ರಾಜ್ಯದ ಹೆಚ್ಚಿನ ಕರೆಂಟು ಅಲ್ಲಿನ ಕಲ್ಲಿದ್ದಲಿನಿಂದಲೇ. ಯುದ್ಧದ ಕಾಲ. ಕಾರ್ಖಾನೆಗಳು ನಿಂತರೆ ಗತಿ ಏನು?

ಹಳ್ಳಿಯವರು ಸತ್ತಾಗ ಕದಲದ ಕಡತ, ಕರೆಂಟಿಗೆ ಕುತ್ತು ಬಂದಾಗ ಕದಲಿತು. ಇದನ್ನು ಹೇಳುವಾಗ ನನಗೆ ಬೇಜಾರಾಗುತ್ತದೆ, ಆದರೆ ನಡೆದದ್ದು ಹಾಗೇ. ಮತ್ತೆ ಸ್ಟ್ರೆಟನ್ ಅವರನ್ನೇ ಕರೆದು ವಿಚಾರಣೆ ಮಾಡಿಸಿದರು. 1944ರ ಕೊನೆಗೆ ಕಾನೂನು ಪಾಸಾಯಿತು.

ನಾವು ಈ ವಾರವನ್ನು ಅಗ್ನಿಶಾಮಕ ಸಪ್ತಾಹ ಅಂತ ಆಚರಿಸುವುದೂ ಅದೇ ವರ್ಷದ ಒಂದು ದುರಂತದ ನೆನಪಿಗೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಅನ್ನುವ ಹಡಗು ಸಿಡಿಯಿತು. ಒಳಗೆ ಹತ್ತಿಯ ಮೂಟೆ, ಅದರ ಜೊತೆಗೇ ಮದ್ದುಗುಂಡು. ಬೆಂಕಿ ಆರಿಸೋಕೆ ಹೋದ ಅಗ್ನಿಶಾಮಕದವರು ಹಲವರು ಅಲ್ಲೇ ಸತ್ತರು. ಯಾಲೋರ್ನ್ ಗಣಿಗೆ ಬೆಂಕಿ ಬಿದ್ದು ಸರಿಯಾಗಿ ಎರಡು ತಿಂಗಳಿಗೆ ಇದು.

ಸರಿ, 1945ರ ಏಪ್ರಿಲ್ 2ರಂದು ಸಿ.ಎಫ್.ಎ. ಶುರುವಾಯಿತು ಅಂದೆನಲ್ಲ. ಅವತ್ತು ಆದದ್ದೇನು? ಹೊಸ ಜನ ಬರಲಿಲ್ಲ. ಅದೇ ರೈತರು, ಅದೇ ಅಂಗಡಿಯವರು. ಪೇಟೆಯ ಬ್ರಿಗೇಡು, ಹೊಲದ ಬ್ರಿಗೇಡು ಎರಡೂ ಒಂದೇ ಸಂಸ್ಥೆಯ ಕೆಳಗೆ ಬಂದವು. ಖರ್ಚಿನ ಹೆಚ್ಚಿನ ಪಾಲನ್ನು ಆಗ ವಿಮಾ ಕಂಪನಿಗಳು ಕೊಡಬೇಕಿತ್ತು, ಉಳಿದದ್ದನ್ನು ಸರ್ಕಾರ. ಮನೆ ಸುಡದೆ ಉಳಿದರೆ ಲಾಭ ವಿಮೆಯವರಿಗೇ ತಾನೆ? ಯುದ್ಧ ಮುಗಿದ ಮೇಲೆ ಸೈನ್ಯದ ಹಳೆಯ ಲಾರಿಗಳು ಮಾರಾಟಕ್ಕೆ ಬಂದವು. ಅವನ್ನು ಕೊಂಡು ಹಿಂದೆ ನೀರಿನ ತೊಟ್ಟಿ ಕೂರಿಸಿದರು. ಗೋಣಿಚೀಲದಿಂದ ಲಾರಿಗೆ ಬಂದದ್ದು ಹಾಗೆ. ಬಿಸಿಲು, ಗಾಳಿ ಕೆಟ್ಟಿರುವ ದಿನ ಬಯಲಲ್ಲಿ ಯಾರೂ ಬೆಂಕಿ ಹಚ್ಚಬಾರದು ಅಂತ ಮೊದಲೇ ಸಾರುವ ಪದ್ಧತಿಯೂ ಬೆಳೆಯಿತು. ಅವತ್ತು ಮನೆ ಹಿತ್ತಲಲ್ಲಿ ಸೌದೆ ಒಲೆ ಹಚ್ಚಿ ಮಾಂಸ ಸುಟ್ಟರೂ ದಂಡ.

ಇವೆಲ್ಲಕ್ಕಿಂತ ದೊಡ್ಡದು ಅಂತ ನನಗೆ ಅನಿಸೋದು ಒಂದೇ. ಕ್ಯಾಪ್ಟನ್.

ಪ್ರತಿ ಬ್ರಿಗೇಡಿಗೂ ಒಬ್ಬ ಕ್ಯಾಪ್ಟನ್ ಇರುತ್ತಾರೆ. ಅವರನ್ನು ಮೇಲಿನಿಂದ ಯಾರೂ ನೇಮಿಸುವುದಿಲ್ಲ. ಆ ಊರಿನ ಸ್ವಯಂಸೇವಕರೇ ಕೆಲವು ವರ್ಷಕ್ಕೊಮ್ಮೆ ಓಟು ಹಾಕಿ ಆರಿಸುತ್ತಾರೆ. ಅವರ ಕೆಳಗೆ ಲೆಫ್ಟಿನೆಂಟುಗಳು, ಅವರೂ ಆರಿಸಿ ಬಂದವರೇ. ಬೆಂಕಿಯ ಜಾಗದಲ್ಲಿ ಅವರ ಮಾತಿಗೆ ಕಾನೂನಿನ ಬಲ ಇದೆ. ನಮ್ಮ ಕ್ಯಾಪ್ಟನ್ ಹಗಲು ಹೊತ್ತು ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದರು. ನಮ್ಮ ಜೊತೆ ಒಬ್ಬರು ಡಾಕ್ಟರಿದ್ದರು, ಒಬ್ಬರು ದೊಡ್ಡ ಜಮೀನ್ದಾರರಿದ್ದರು. ಕ್ಯಾಪ್ಟನ್ "ಬಿಟ್ಟು ಹೊರಡಿ" ಅಂದರೆ ಎಲ್ಲರೂ ಹೊರಡಬೇಕು. ಒಂದು ಸಲ ಆ ಜಮೀನ್ದಾರರದೇ ಹುಲ್ಲುಗಾವಲು ಉರಿಯುತ್ತಿತ್ತು. ಬೆಂಕಿ ಹಳ್ಳದ ಕಡೆ ತಿರುಗುತ್ತಿತ್ತು. ಕ್ಯಾಪ್ಟನ್ ಅದನ್ನು ಬಿಟ್ಟು, ಆಚೆ ದಿಬ್ಬದ ಮೇಲಿನ ಒಂದು ಸಣ್ಣ ಮನೆಯ ಹತ್ತಿರ ಗಾಡಿ ನಿಲ್ಲಿಸಲು ಹೇಳಿದರು. ಜಮೀನ್ದಾರರು ತಮ್ಮ ಹುಲ್ಲನ್ನು ಒಂದು ಸಲ ನೋಡಿದರು. ಏನೂ ಮಾತಾಡದೆ ಗಾಡಿ ಹತ್ತಿದರು. ಆ ಮನೆ ಉಳಿಯಿತು. ಹುಲ್ಲು ಹೋಯಿತು. ಮುಂದಿನ ಚುನಾವಣೆಯಲ್ಲಿ ಅವರು ಅದೇ ಕ್ಯಾಪ್ಟನ್ನಿಗೆ ಓಟು ಹಾಕಿದರು ಅಂತ ಅವರೇ ನನಗೆ ಹೇಳಿದರು. ನಮ್ಮೂರ ನಾಲ್ಕು ಮೆದೆಗಳು ನನಗೆ ಆ ದಿನ ನೆನಪಾದವು.

ಹೆಂಗಸರ ಪಾಲನ್ನೂ ಹೇಳಲೇಬೇಕು. ಪೇಜರ್, ಮೊಬೈಲ್ ಬರುವ ಮುಂಚೆ ಬೆಂಕಿಯ ಸುದ್ದಿ ಬರುತ್ತಿದ್ದದ್ದು ಮನೆ ಫೋನಿಗೆ. ಬ್ರಿಗೇಡಿನ ನಂಬರಿಗೆ ಯಾರಾದರೂ ಫೋನ್ ಮಾಡಿದರೆ ಊರಿನ ನಾಲ್ಕಾರು ಮನೆಗಳಲ್ಲಿ ಒಟ್ಟಿಗೆ ಗಂಟೆ ಹೊಡೆಯುತ್ತಿತ್ತು. ಗಂಡಸರು ಹೊಲದಲ್ಲಿ ಇರುತ್ತಿದ್ದರಲ್ಲ, ಎತ್ತುತ್ತಿದ್ದದ್ದು ಹೆಚ್ಚಾಗಿ ಹೆಂಗಸರೇ. ಅಲ್ಲಿ ನಾನಿದ್ದ ಊರಿನ ಒಬ್ಬ ಅಜ್ಜಿ ತಮ್ಮ ಅಡುಗೆಮನೆಯ ಗೋಡೆ ತೋರಿಸಿದ್ದರು. ಫೋನ್ ತೆಗೆದು ಎಷ್ಟೋ ವರ್ಷ ಆಗಿತ್ತು. ಮೊಳೆಯ ತೂತು ಹಾಗೇ ಇತ್ತು, ಅದರ ಕೆಳಗೆ ಪೆನ್ಸಿಲ್ಲು ಕಟ್ಟಿದ ದಾರವೂ ಇತ್ತು. ಎಲ್ಲಿ, ಎಷ್ಟು ದೊಡ್ಡದು, ಗಾಳಿ ಯಾವ ಕಡೆ, ದಾರಿ ಯಾವುದು. ಈ ನಾಲ್ಕನ್ನು ಬರೆದುಕೊಂಡು ಸೈರನ್ ಒತ್ತಬೇಕಿತ್ತು. ಒಲೆ ಆರಿಸಿ, ಮಗುವನ್ನು ಕಂಕುಳಿಗೆ ಹಾಕಿಕೊಂಡು ಎಷ್ಟೋ ಸಲ ಹಾಗೆ ಮಾಡಿದ್ದೇನೆ ಅಂದರು. ಅವರ ಹೆಸರು ಬ್ರಿಗೇಡಿನ ಯಾವ ಫಲಕದಲ್ಲೂ ಇರಲಿಲ್ಲ. ಈಗ ಹೆಂಗಸರೂ ಲಾರಿ ಹತ್ತುತ್ತಾರೆ, ಕ್ಯಾಪ್ಟನ್ನೂ ಆಗಿದ್ದಾರೆ.

ಕಾನೂನು ಬಂದ ಮಾತ್ರಕ್ಕೆ ಸಾವು ನಿಲ್ಲಲಿಲ್ಲ. 1983ರ ಫೆಬ್ರವರಿ 16ರಂದು ಅಪ್ಪರ್ ಬೀಕನ್ಸ್‌ಫೀಲ್ಡ್ ಅನ್ನುವಲ್ಲಿ ಎರಡು ಲಾರಿಯ 12 ಸ್ವಯಂಸೇವಕರು ಸತ್ತರು. ನಾನು ಆಗಲೇ ಹೇಳಿದ ಗಾಳಿ ತಿರುಗಿದ್ದೇ ಕಾರಣ. 1998ರ ಡಿಸೆಂಬರ್ 2ರಂದು ಲಿಂಟನ್ ಊರಿನಲ್ಲಿ ಮತ್ತೆ ಐವರು, ಅಲ್ಲೂ ಗಾಳಿ ತಿರುಗಿದ್ದೇ ಕಾರಣ. ಅದಾದ ಮೇಲೆ ತರಬೇತಿ ಇಲ್ಲದೆ ಯಾರೂ ಲಾರಿ ಹತ್ತಬಾರದು ಅಂತಾಯಿತು. ತೊಟ್ಟಿಯ ಕೊನೆಯ ಪಾಲು ನೀರನ್ನು ಬೆಂಕಿಗೆ ಹಾಕಬಾರದು. ಅದು ಗಾಡಿಯಲ್ಲಿ ಇರುವವರ ಜೀವಕ್ಕೆ. ತರಬೇತಿಯ ಮೊದಲ ಕ್ಲಾಸಿನಲ್ಲೇ ಇದನ್ನು ಕಲಿಸುತ್ತಾರೆ. ಯಾಕೆ ಅಂತ ಕೇಳಿದರೆ ಲಿಂಟನ್ ಅಂತ ಒಂದೇ ಮಾತು ಹೇಳುತ್ತಾರೆ. 2009ರ ಫೆಬ್ರವರಿ 7ರಂದು 173 ಜನ ಸತ್ತರು. ಆ ಬಗ್ಗೆ ಮಾತಾಡೋಕೆ ಇನ್ನೊಂದು ದಿನವೇ ಬೇಕು.

ಇಷ್ಟು ಹೇಳಿ ನಾನು ಕೂತೆ. ಪ್ರಶ್ನೆ ಇದ್ದರೆ ಕೇಳಿ ಅಂದರು. ಮಕ್ಕಳು ಗಾಡಿಯ ಕಡೆ ಓಡಿದರು. ಫೈರ್ ಸ್ಟೇಷನ್ನಿನ ಅಧಿಕಾರಿ ಎದ್ದು, ನಮ್ಮ ಠಾಣೆಯಿಂದ ಈ ಊರಿಗೆ ಬರೋಕೆ ಎಷ್ಟು ಹೊತ್ತು ಬೇಕು ಅಂತ ಮುಚ್ಚುಮರೆ ಇಲ್ಲದೆ ಹೇಳಿದರು. ಮುಕ್ಕಾಲು ಗಂಟೆ. ಅಷ್ಟು ಹೊತ್ತು ಮೆದೆ ಉಳಿಯುತ್ತಾ ಅಂತ ಹಿಂದಿನ ಸಾಲಿನಿಂದ ಯಾರೋ ಕೇಳಿದರು.

ಆಗ ಒಬ್ಬರು ರೈತರು ಎದ್ದರು. "ಸ್ವಾಮಿ, ಅಲ್ಲಿ ಬೆಂಕಿ ಆರಿಸೋರು ಬೆನ್ನಿಗೆ ನೀರಿನ ಪಂಪು ಹಾಕ್ಕೋತಾರಂತಲ್ಲ, ಅದು ನಾವು ಔಷಧಿ ಹೊಡೆಯೋ ಪಂಪು ತರಾನೇ ಅಲ್ವಾ?" ಹೌದು, ಹೆಚ್ಚು ಕಡಿಮೆ ಅದೇ, ಅದು 16 ಲೀಟರ್, ಹುಲ್ಲಿನ ಬೆಂಕಿಯ ಅಂಚಿಗೆ ಸಾಕು ಅಂದೆ. ಅಲ್ಲಿಂದ ಮಾತು ನನ್ನ ಕೈ ಬಿಟ್ಟಿತು. ಯಾರ ಮನೆಯಲ್ಲಿ ಪಂಪಿದೆ, ಯಾರ ಟ್ರ್ಯಾಕ್ಟರಿಗೆ ನೀರಿನ ಟ್ಯಾಂಕರ್ ಇದೆ, ಯಾರ ಬೋರಿನಲ್ಲಿ ಏಪ್ರಿಲ್‌ನಲ್ಲೂ ನೀರಿರುತ್ತೆ ಅಂತ ಎಲ್ಲರೂ ಹೇಳತೊಡಗಿದರು. ಶಾಲೆಯ ಮೇಡಂ ಆಹ್ವಾನ ಪತ್ರಿಕೆಯ ಹಿಂದೆ ಬರೆದುಕೊಂಡರು. ಪಂಪು 11, ಟ್ಯಾಂಕರ್ 3, ಬೋರು 2. ಬರೆದು ಮುಗಿಸಿ ಅವರೇ ಕೇಳಿದರು, "ಸರಿ, ಇವರಲ್ಲಿ ಯಾರು ಹೇಳಿದರೆ ಉಳಿದವರು ಕೇಳ್ತೀರಿ?"

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಎರಡು ಹೆಸರು ಬಂದವು. ಎರಡೂ ಬೇರೆ ಬೇರೆ ಬೀದಿಯವು. ಇವತ್ತೇ ತೀರ್ಮಾನ ಬೇಡ, ಭಾನುವಾರ ಬೆಳಗ್ಗೆ 7 ಗಂಟೆಗೆ ಅರಳಿಕಟ್ಟೆ ಹತ್ತಿರ ಸೇರಿ ಕೈ ಎತ್ತಿಸೋಣ ಅಂತಾಯಿತು. ಬರುವಾಗ ಎಲ್ಲರೂ ಪಂಪು ತರಬೇಕು. ಔಷಧಿ ಹೊಡೆದ ಪಂಪಾದರೆ ಮೂರು ಸಲ ಚೆನ್ನಾಗಿ ತೊಳೆದು ತನ್ನಿ.